ನೀರು ಕುಡಿದ ಕಲ್ಲು

"ಇದು ನಮ್ಮ ಕಲ್ಲಲ್ಲ! ಯಾರೋ ಬದಲಾಯಿಸಿದ್ದಾರೆ!"

ಯಜಮಾನರ ಕೂಗು ಹಿತ್ತಲಲ್ಲಿ ಟವೆಲ್ ಹಿಂಡುತ್ತಿದ್ದ ಚಿಕ್ಕಮ್ಮನಿಗೂ ನನಗೂ ಕೇಳಿಸಿತು. ಒದ್ದೆ ಕೈಯಲ್ಲೇ ಕ್ಷೌರದಂಗಡಿಯ ಒಳಗೆ ಓಡಿದೆವು.

ಗೋಡೆಯ ಕಪಾಟಿನ ಮುಂದೆ ಯಜಮಾನರು ಮಸೆಗಲ್ಲಿನ ಪೆಟ್ಟಿಗೆ ತೆರೆದು ನಿಂತಿದ್ದರು. ಹಿಂದಿನ ದಿನ ಮಧ್ಯಾಹ್ನ ತಂಗಿಯ ಮನೆಗೆ ಹೋಗಿದ್ದವರು ಆಗಷ್ಟೇ ಮರಳಿದ್ದರು. ಪ್ರಯಾಣದ ಚೀಲ ಇನ್ನೂ ಹೆಗಲ ಮೇಲಿತ್ತು. ಅವರ ತಮ್ಮ ಗಿರಾಕಿಯೊಬ್ಬರ ಅರ್ಧ ಮುಖ ಬೋಳಿಸಿ, ಕತ್ತಿ ಹಿಡಿದವನು ಹಾಗೇ ತಿರುಗಿ ನೋಡುತ್ತಿದ್ದ.

ಪೆಟ್ಟಿಗೆಯಲ್ಲಿ ಗೇಣುದ್ದದ ಕಲ್ಲಿತ್ತು. ಹಳೆಯ ದಂತದ ಬಣ್ಣದ ಮೈ, ಬೆನ್ನಿಗೆ ನೇರಳೆ ಪದರ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ಮರಿಕಲ್ಲು. ನನ್ನ ಕಣ್ಣಿಗೆ ದಿನವೂ ಕಾಣುವ ಕಲ್ಲೇ.

ಆ ಕಲ್ಲು ಯಜಮಾನರ ತಂದೆಯ ಕಾಲದ್ದು. ಅದು ಸಿಗುತ್ತಿದ್ದ ಗಣಿ ಎಂದೋ ಮುಚ್ಚಿಹೋಗಿದೆ. ಅಂಥ ಹರಿತ ಬೇರೆ ಯಾವ ಕಲ್ಲಿನಿಂದಲೂ ಬರುವುದಿಲ್ಲ. "ಕತ್ತಿ ಮಸೆಯುವವನಿಗೇ ಕಲ್ಲು" ಎಂದು ಆ ಹಿರಿಯರು ಸಾಯುವ ಮುಂಚೆ ಹೇಳಿದ್ದರು. ಮಸೆಯುವವನು ತಮ್ಮ. ಅಣ್ಣ ಕತ್ತರಿ, ಮಶೀನು ಬಿಟ್ಟು ಬೇರೇನನ್ನೂ ಮುಟ್ಟದೆ ಹತ್ತು ವರ್ಷವಾಗಿತ್ತು. ತಮ್ಮ ಮುಂದಿನ ಬೀದಿಯಲ್ಲಿ ಸ್ವಂತ ಅಂಗಡಿ ತೆರೆಯುವವನಿದ್ದ. ಅವತ್ತು ಸಂಜೆ ಕಲ್ಲು ಅವನ ಜೊತೆ ಹೋಗಬೇಕಿತ್ತು.

"ನಿನ್ನೆ ಸಂಜೆ ಪೆಟ್ಟಿಗೆ ನೋಡಿದ್ಯಾ?" ಯಜಮಾನರು ತಮ್ಮನನ್ನು ಕೇಳಿದರು.

"ನೋಡಿದೆ ಅಣ್ಣ. ಕಲ್ಲು ಇತ್ತು. ಅಂಗಡಿಗೆ ಬೀಗ ಹಾಕಿ ಅಕ್ಕನ ಕೈಗೆ ಕೀಲಿ ಕೊಟ್ಟೆ."

ಅಕ್ಕ ಎಂದರೆ ನನ್ನ ಚಿಕ್ಕಮ್ಮ. ಇಪ್ಪತ್ತು ವರ್ಷದಿಂದ ಆ ಅಂಗಡಿ ಗುಡಿಸಿ, ಟವೆಲ್ ಒಗೆದವಳು.

"ಹಾಗಾದ್ರೆ ಇನ್ನೇನು ಕೇಳೋದಿದೆ? ಬೆಳಿಗ್ಗೆ ಬಾಗಿಲು ತೆಗೆದವಳು ಇವಳೇ ತಾನೆ?"

"ನಾನೇ ಯಜಮಾನ್ರೇ. ಇವಳೂ ನನ್ನ ಜೊತೇಲೇ ಇದ್ಳು."

"ನಿನ್ನ ಅಕ್ಕನ ಮಗಳು ನಿನ್ನ ಪರ ಅಲ್ಲದೆ ಇನ್ಯಾರ ಪರ ಮಾತಾಡ್ತಾಳೆ?"

ಹಾಗೆಂದವರೇ ಗೂಟಕ್ಕೆ ತೂಗುಹಾಕಿದ್ದ ಚಿಕ್ಕಮ್ಮನ ಬಟ್ಟೆಚೀಲ ಕಿತ್ತು, ಎರಡೂ ಕೈಯಲ್ಲಿ ತಲೆಕೆಳಗು ಹಿಡಿದು ಕೊಡವಿದರು. ಕತ್ತರಿಸಿ ಬಿದ್ದಿದ್ದ ಕೂದಲ ಮೇಲೆ ಊಟದ ಡಬ್ಬಿ ಉರುಳಿತು. ಬಾಚಣಿಗೆ, ಅರ್ಧ ಸವೆದ ಸೋಪು, ಮಂಡಿನೋವಿನ ಮಾತ್ರೆ, ದಾರ ಕಟ್ಟಿದ ಕನ್ನಡಕ, ಒಳಗಿನ ಬಟ್ಟೆಯೊಂದು. ಗಿರಾಕಿಯ ಎದುರಿಗೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿ ಕಟ್ಟಿಹೋಗಿತ್ತು.

ತಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕವುಚಿಟ್ಟಿದ್ದ ಬೋಗುಣಿ ಮಗುಚಿ, ನೀರು ತುಂಬಿ ಕಲ್ಲಿನ ಮೇಲೆ ನಾಲ್ಕು ಹನಿ ಬಿಟ್ಟ. ನಮ್ಮ ಕಲ್ಲಿನ ಮೇಲೆ ಹನಿ ಮಣಿಯಂತೆ ನಿಲ್ಲುತ್ತಿತ್ತು. ಇದು ಗುಟುಕರಿಸಿ ಕುಡಿದುಬಿಟ್ಟಿತು. ಇನ್ನಷ್ಟು ನೀರು ಹಾಕಿ ಮರಿಕಲ್ಲಿನಿಂದ ಉಜ್ಜಿದ. ಬೆಣ್ಣೆಯಂಥ ಹಾಲು ಬರಬೇಕಾದಲ್ಲಿ ಮರಳು ಮರಳಾದ ಕೆಸರು ಬಂತು. ಅಷ್ಟಕ್ಕೇ ಬಿಡದೆ ಒಂದು ಕತ್ತಿ ಮಸೆದು, ತನ್ನ ತಲೆಯ ಒಂದು ಕೂದಲು ಕಿತ್ತು ಅಲಗಿಗೆ ತಾಗಿಸಿದ. ಕೂದಲು ಬಾಗಿತೇ ಹೊರತು ತುಂಡಾಗಲಿಲ್ಲ.

"ಅಣ್ಣ ಹೇಳಿದ್ದು ನಿಜ," ಎಂದ. ಆಮೇಲೆ ಚಿಕ್ಕಮ್ಮನ ಕಡೆ ನೋಡಿದ. ಚೀಲ ಸುರಿದದ್ದಕ್ಕಿಂತ ಆ ನೋಟ ಅವಳನ್ನು ಹೆಚ್ಚು ಸುಟ್ಟಿರಬೇಕು. ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಮಧ್ಯಾಹ್ನದೊಳಗೆ ಕಲ್ಲು ಬರಬೇಕು. ಇಲ್ಲಾಂದ್ರೆ ಪೊಲೀಸ್!" ಯಜಮಾನರು ಗುಡುಗಿದರು.

"ನನ್ನ ಇನ್ನರ್ಧ ಮುಖ ಯಾವಾಗ ಬರುತ್ತೆ?" ಕುರ್ಚಿಯಿಂದ ಗಿರಾಕಿ ಕೇಳಿದರು.

"ನೊರೆ ಒಣಗೋ ಮುಂಚೆ ಮುಗಿಸ್ತೀನಿ, ಸುಮ್ನಿರಿ," ಎಂಬ ಉತ್ತರ ಬೀದಿ ಬಾಗಿಲಿನಿಂದ ಬಂತು.

ಹಿಡಿ ಅಜ್ಜಿ! ಪಕ್ಕದ ಮನೆಯಲ್ಲಿ ಕತ್ತಿಗಳಿಗೆ ಕೊಂಬಿನ ಹಿಡಿ ಕೂರಿಸುವಾಕೆ. ಯಜಮಾನರ ಮೊದಲ ಕೂಗಿಗೇ ಬಂದು ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಕಳೆದ ವರ್ಷ ಬೀದಿಯಲ್ಲಿ ಕಳುವಾದ ಎರಡು ಸೈಕಲ್ಲುಗಳನ್ನು ಕೂತಲ್ಲಿಂದಲೇ ಹುಡುಕಿಕೊಟ್ಟಿದ್ದಳು. ತೋಳಿನ ಮೇಲೆ ಕೊಂಬಿನ ಪುಡಿ, ಮೂಗಿನ ತುದಿಯಲ್ಲಿ ಕನ್ನಡಕ. ನೆಲದ ಮೇಲಿದ್ದ ಸಾಮಾನು ಎತ್ತಲು ನಾನು ಬಗ್ಗಿದೆ.

"ಮುಟ್ಟಬೇಡ ಮಗಳೇ. ಎಲ್ಲರೂ ಕಣ್ತುಂಬ ನೋಡ್ಲಿ. ಚಿಕ್ಕೋನೆ, ನಿನ್ನೆ ಸಂಜೆ ಕಲ್ಲಿಗೆ ನೀರು ಹಾಕಿದ್ಯಾ?"

"ಇಲ್ಲ ಅಜ್ಜಿ. ಸೋಮವಾರವೇ ಎಲ್ಲಾ ಕತ್ತಿ ಮಸೆದಾಗಿತ್ತು. ನಿನ್ನೆ ಬರೀ ಮುಚ್ಚಳ ತೆಗೆದು ನೋಡಿದೆ."

"ಹಾಗಾದ್ರೆ ನೀನು ನೋಡಿದ್ದು ಅಸಲಿಯೋ, ನಕಲಿಯೋ?"

ತಮ್ಮ ಮೇಜಿನ ಮೇಲಿದ್ದ ಕಲ್ಲನ್ನು ತಿರುಗಿಸಿ ನೋಡಿದ.

"ಈಗ ನೀರು ಹಾಕೋಕೆ ಮುಂಚೆ ನಿನಗೆ ಗೊತ್ತಾಯ್ತಾ?"

"ಇಲ್ಲ. ಒಣಗಿದ್ದಾಗ ಎರಡೂ ಒಂದೇ ಥರ. ನೀರು ಹಾಕಿ ಉಜ್ಜಿದರೇನೇ ಕಲ್ಲಿನ ಜಾತಿ ತಿಳಿಯೋದು."

ಅಜ್ಜಿ ನನ್ನತ್ತ ತಿರುಗಿದಳು. "ನೀನು ಹೇಳು. ಬೋಗುಣಿ ಹೇಗಿತ್ತು?"

ಎಲ್ಲರ ಕಣ್ಣು ನನ್ನ ಮೇಲೆ. "ಕವುಚಿತ್ತು ಅಜ್ಜಿ. ಬೆಳಿಗ್ಗೆ ತೊಳೆದು ನಾನೇ ಕವುಚಿಟ್ಟಿದ್ದೆ. ಚಿಕ್ಕೆಜಮಾನ್ರು ಮಗುಚೋವರೆಗೂ ಹಾಗೇ ಇತ್ತು."

"ಕಲ್ಲು?"

"ಒಣಗಿತ್ತು. ಪೆಟ್ಟಿಗೆಯೊಳಗಿನ ಬಟ್ಟೆಯೂ."

"ಕೇಳಿಸ್ತಾ ದೊಡ್ಡೋನೆ?" ಅಜ್ಜಿಯ ದನಿ ಈಗ ಏರಿತು. "ವರ್ಷಗಳಿಂದ ಮಸೆಯೋ ನಿನ್ನ ತಮ್ಮನಿಗೇ ನೀರು ಬೇಕಾಯ್ತು. ಹತ್ತು ವರ್ಷದಿಂದ ಕಲ್ಲು ಮುಟ್ಟದ ನಿನಗೆ ಮುಚ್ಚಳ ತೆಗೆದ ಕೂಡಲೇ ಹೇಗೆ ಗೊತ್ತಾಯ್ತು?"

"ಅದು... ಬಣ್ಣ. ಬಣ್ಣದಲ್ಲೇ ಗೊತ್ತಾಯ್ತು."

"ಬಣ್ಣ! ಬದಲಾಯಿಸಿದವನಿಗೆ ಮಾತ್ರ ಗೊತ್ತಾಗೋ ಬಣ್ಣ ಅದು. ನಿನ್ನೆ ಮಧ್ಯಾಹ್ನ ಊರಿಗೆ ಹೊರಡೋ ಮುಂಚೆಯೇ ಅಸಲಿ ತೆಗೆದೆ. ಹಳೇ ಸಾಮಾನಿನವನ ಹತ್ರ ಹೋಲುವಂಥದ್ದು ಹುಡುಕಿ ತಂದು ಇಟ್ಟೆ. ಸಂಜೆ ತಮ್ಮ ನೋಡ್ತಾನೆ, ಕಲ್ಲು ಇದೆ ಅಂತಾನೆ, ಆಗ ನೀನು ಊರಲ್ಲೇ ಇರೋದಿಲ್ಲ! ಇವತ್ತು ಅವನು ನೀರು ಹಾಕಿದ ಕೂಡಲೇ ಗುಟ್ಟು ಬಯಲಾಗುತ್ತೆ, ಅನುಮಾನ ನಿನ್ನ ಮೇಲೇ ಬರುತ್ತೆ. ಅದಕ್ಕೇ ಮೊದಲು ನೀನೇ ಕೂಗಿ ಇವಳ ತಲೆ ಮೇಲೆ ಗೂಬೆ ಕೂರಿಸಿದೆ. ನೀರು ಹಾಕೋವರೆಗೆ ಕಾಯೋಕೂ ತಾಳ್ಮೆ ಇರಲಿಲ್ಲ ನಿನಗೆ!"

"ಸುಳ್ಳು! ಯಾಕೆ ಮಾಡ್ಲಿ ನಾನು?"

"ಕಲ್ಲು ಹೋದ ಕಡೆ ಹರಿತ ಹೋಗುತ್ತೆ, ಹರಿತ ಹೋದ ಕಡೆ ಇವರಂಥೋರು ಹೋಗ್ತಾರೆ."

ಅರ್ಧ ಮುಖದ ಗಿರಾಕಿ ಹೌದೆಂದು ತಲೆಯಾಡಿಸಿದರು.

"ಆ ಚೀಲ ಇಳಿಸು," ಅಜ್ಜಿ ಎಂದಳು. "ಬಂದಾಗಿನಿಂದ ಹೆಗಲಿಂದ ಇಳಿದಿಲ್ಲ. ಬೇರೆಯವರ ಚೀಲ ಸುರಿಯೋಕೆ ಎರಡು ಕೈ ಬಂತು. ನಿನ್ನದು ಇಳಿಸೋಕೆ ಒಂದು ಕೈ ಇಲ್ವಾ?"

ಯಜಮಾನರು ಕದಲಲಿಲ್ಲ. ತಮ್ಮನೇ ಹೋಗಿ ಪಟ್ಟಿ ಹಿಡಿದು ಎಳೆದ. ಒಳಗೆ ಅಂಗಿಗಳ ಕೆಳಗೆ ಭಾರದ ಗಂಟೊಂದಿತ್ತು. ಸುತ್ತಿದ್ದ ಬಟ್ಟೆಯನ್ನು ಚಿಕ್ಕಮ್ಮ ಮೊದಲು ಗುರುತಿಸಿದಳು.

"ನನ್ನ ಟವೆಲ್! ನಿನ್ನೆ ಒಂದು ಕಡಿಮೆ ಆಯ್ತು ಅಂತ ನನ್ನನ್ನ ಬೈದ್ರಲ್ಲ?"

ಒಳಗಿನ ಕಲ್ಲಿನ ಮೇಲೆ ತಮ್ಮ ನೀರು ಬಿಟ್ಟ. ಹನಿಗಳು ಮಣಿಯಂತೆ ನಿಂತವು.

"ಒಡಹುಟ್ಟಿದವಳ ಮನೇಲೂ ಬಿಟ್ಟು ಬರೋಷ್ಟು ನಂಬಿಕೆ ಇರಲಿಲ್ಲ ಇವನಿಗೆ," ಎಂದಳು ಅಜ್ಜಿ.

ತಮ್ಮ ಚಿಕ್ಕಮ್ಮನ ಮುಂದೆ ತಲೆ ತಗ್ಗಿಸಿದ. "ಅಕ್ಕ, ತಪ್ಪಾಯ್ತು."

ಯಜಮಾನರು ಗೋಡೆ ನೋಡುತ್ತ ಗೊಣಗಿದರು. "ಆಯ್ತು ಬಿಡಿ. ಕಲ್ಲು ಸಿಕ್ತಲ್ಲ. ಎಲ್ಲಾ ಕೆಲಸ ನೋಡ್ಕೊಳ್ಳಿ."

"ಎತ್ತಿ," ಎಂದಳು ಚಿಕ್ಕಮ್ಮ.

"ಏನು?"

"ಸುರಿದಿದ್ದನ್ನ ಎತ್ತಿ ಹಾಕಿ ಯಜಮಾನ್ರೇ."

ತಮ್ಮ ಬಗ್ಗಲು ಹೋದ. ಚಿಕ್ಕಮ್ಮ ಕೈ ಅಡ್ಡ ಹಿಡಿದಳು. "ನೀವು ಬೇಡ. ಸುರಿದವರೇ ಎತ್ತಲಿ."

ಯಜಮಾನರು ಅತ್ತ ಇತ್ತ ನೋಡಿದರು. ಯಾರೂ ಅವರ ನೆರವಿಗೆ ಬರಲಿಲ್ಲ. ಕೊನೆಗೆ ಮಂಡಿಯೂರಿದರು. ಡಬ್ಬಿ ಎತ್ತಿದರು, ಬಾಚಣಿಗೆ ಎತ್ತಿದರು. ಸೋಪಿಗೆ ಅಂಟಿದ ಕೂದಲನ್ನು ಒಂದೊಂದಾಗಿ ಬಿಡಿಸಿದರು. ಚಿಕ್ಕಮ್ಮ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತಿದ್ದಳು. ಕನ್ನಡಕವನ್ನೂ ಹಾಕಿ ಅವರು ಏಳಲು ಹೊರಟರು.

"ಕುರ್ಚಿ ಕೆಳಗೆ ಮಾತ್ರೆ ಇದೆ," ಎಂದೆ ನಾನು.

ಆ ಬೆಳಿಗ್ಗೆ ಯಾರೂ ಕೇಳದೆ ನಾನು ಆಡಿದ ಮೊದಲ ಮಾತು ಅದು. ಯಜಮಾನರು ಮತ್ತೆ ಬಗ್ಗಿದರು.