ಎಂಟುನೂರಕ್ಕೆ ನಾಲ್ಕು ಕಡಿಮೆ

“ಈ ಎರಡು ಅಂಕ ತೆಗೆಯಿರಿ.”

ಎರಡು ವಾರ ಅವನ ತರಗತಿಯಲ್ಲಿ ಬಾಯಿಬಿಡದೆ ಕೂತಿದ್ದ ಲವಿಟಾ, ತಿಲಕನಿಗೆ ಹೇಳಿದ ಮೊದಲ ಮಾತು ಇದು.

ತಿಲಕ್ ತಲೆಯೆತ್ತಿದ. ಮೇಜಿನ ಮೇಲೆ ಅವಳ ಉತ್ತರಪತ್ರಿಕೆ. ಕೆಂಪು ಶಾಯಿಯ 38ನ್ನು ಹೊಡೆದು, ಪಕ್ಕದಲ್ಲಿ ನೀಲಿಯಲ್ಲಿ 40 ಎಂದು ಬರೆದಿತ್ತು. ಬರೆದವನು ಅವನೇ.

“ತೆಗೆದರೆ ಮೂವತ್ತೆಂಟು ಆಗ್ತದೆ.”

“ಕಳೆಯಲಿಕ್ಕೆ ನನಗೆ ಬರ್ತದೆ ಸರ್.”

ಮಣಿಪಾಲದ ಆ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ.ಗೆ ಸೇರಿದವರೆಲ್ಲ ಮೊದಲ ಎರಡು ವಾರ ಹೈಸ್ಕೂಲಿನ ಲೆಕ್ಕಕ್ಕೆ ಮರಳಬೇಕಿತ್ತು. ಭಿನ್ನರಾಶಿ, ಘಾತ, ಅಪವರ್ತನ. ಕೊನೆಗೊಂದು ಪರೀಕ್ಷೆ. ನಲವತ್ತು ಬಂದರೆ ಸೀಟು ಉಳಿಯುತ್ತದೆ. ಇಲ್ಲದಿದ್ದರೆ ಕಾಯುವ ಪಟ್ಟಿಯಲ್ಲಿದ್ದವರಿಗೆ ಹೋಗುತ್ತದೆ. ಪದವಿಯಲ್ಲಿ ಪದಕ ಪಡೆದವರೇ ಆವರಣದ ಹೊರಗಿನ ಮೈನಸ್ ಮರೆತು ತಲೆ ಚಚ್ಚಿಕೊಂಡಿದ್ದರು. ಅವರಿಗೆ ಪಾಠ ಮಾಡಿದವನು ಕಾಪುವಿನ ಮೀನುಗಾರರ ಮನೆಯ ತಿಲಕ್, ಅಲ್ಲೇ ಸಂಶೋಧನೆ ಮಾಡುತ್ತಿದ್ದವನು.

ಲವಿಟಾಳಿಗೆ ಇಪ್ಪತ್ತೇಳು. ಪುಸ್ತಕ ಮುಟ್ಟಿ ಐದು ವರ್ಷವಾಗಿತ್ತು. ಗಂಡ ಡೆನ್ವರ್ ಮಸ್ಕತ್‌ನಲ್ಲಿ ತೀರಿಕೊಂಡು ಎರಡು.

ಆ ಎರಡು ವರ್ಷ ಅವಳೊಡನೆ ಮಾತಾಡಿದವರೆಲ್ಲ ‘ಪಾಪ’ ಎಂದೇ ಶುರುಮಾಡಿದ್ದರು. ಪಾಪ, ಕೂತ್ಕೊ. ಪಾಪ, ನಿನಗೆ ಆಗ್ಲಿಕ್ಕಿಲ್ಲ, ನಾವು ಮಾಡ್ತೇವೆ.

ಇವತ್ತು ಬೆಳಿಗ್ಗೆ ಪಕ್ಕದ ಬೆಂಚಿನ ಸೌಮ್ಯಶ್ರೀ ಪತ್ರಿಕೆಯನ್ನು ಇಣುಕಿ ನೋಡಿದ್ದಳು. “ಹಂತವೇ ಬರೆಯಲಿಲ್ಲ ನೀನು, ಆದ್ರೂ ಎರಡು ಮಾರ್ಕು! ನಂಗಾದ್ರೆ ಸೊನ್ನೆ ಮಾರಾಯ್ತಿ. ಪಾಪ ಅಂತ ಕೊಟ್ಟಿರಬೇಕು.”

‘ಇಲ್ಲಿಯೂ ಪಾಪವೇ?’

“ಯಾಕೆ ಕೊಟ್ಟೆ ಅಂತ ಗೊತ್ತುಂಟಾ?” ತಿಲಕ್ ಕೇಳಿದ.

“ಗೊತ್ತುಂಟು.”

“ಒಮ್ಮೆ ಕೇಳಿಸಿಕೊಂಡರೆ...”

“ಬೇಡ. ಸೀಟು ಹೋದರೆ ಹೋಗಲಿ. ಭಿಕ್ಷೆಯ ಸೀಟಿನಲ್ಲಿ ನಾನು ಕೂರುವುದಿಲ್ಲ.”

ಅವನ ಮುಖ ಸಣ್ಣದಾಯಿತು. ನಲವತ್ತನ್ನು ಹೊಡೆದು ಮೂವತ್ತೆಂಟು ಬರೆದ. ಸಹಿ ಹಾಕಿದ.

“ಪಟ್ಟಿ ಸೋಮವಾರ ಹತ್ತು ಗಂಟೆಗೆ ಆಫೀಸಿಗೆ ಹೋಗ್ತದೆ. ಅಲ್ಲಿಯವರೆಗೆ ನನ್ನ ಹತ್ತಿರ ಉಂಟು,” ಎಂದಷ್ಟೇ ಹೇಳಿದ.

ಅವಳು ತಿರುಗಿ ನೋಡಲಿಲ್ಲ. ಗೆದ್ದಿದ್ದಳು. ಹಾಸ್ಟೆಲಿಗೆ ಹೋಗಿ ಊರಿಗೆ ಹೊರಡಲು ಚೀಲ ತುಂಬಿದಳು.

ಮರುದಿನ, ಶನಿವಾರ. ಕಟಪಾಡಿಯಿಂದ ಒಳಗೆ, ಶಂಕರಪುರದ ಮನೆಯ ಜಗಲಿಯಲ್ಲಿ ಲವಿಟಾ ತಾಯಿ ಕಾನ್ಸೆಪ್ಟಾ ಬಾಯಿಯ ಎದುರು ಕೂತು ಬಾಳೆನಾರಿಗೆ ಮಲ್ಲಿಗೆ ಕಟ್ಟುತ್ತಿದ್ದಳು. ಎಂಟುನೂರು ಹೂವಿಗೆ ಒಂದು ಚೆಂಡು. ಡೆನ್ವರ್ ಹೋದ ಮೇಲೆ ಅವಳು ಮಾಡಿದ್ದು ಇಷ್ಟೇ. ಅಳು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಎಂಟುನೂರು ಮುಗಿದರೆ ಮತ್ತೆ ಒಂದರಿಂದ. ಒಮ್ಮೆಯೂ ತಪ್ಪಿರಲಿಲ್ಲ.

“ಮೊನ್ನೆ ಗುರುವಾರ ಕಟಪಾಡಿಯ ಹೂವಿನ ಕಟ್ಟೆಗೆ ಒಬ್ಬ ಬಂದಿದ್ದ, ಲವಿ,” ಅಮ್ಮ ಹೇಳಿದಳು. “ಒಂದು ಚೆಂಡಿಗೆ ಎಷ್ಟು ಹೂವು ಅಂತ ಕೇಳಿದ. ಎಂಟುನೂರು ಅಂದೆ. ನಂಬಬೇಕಲ್ಲ? ನನ್ನ ಪಕ್ಕ ಕೂತು ಒಂದೊಂದೇ ಎಣಿಸಿದ. ಹೆಂಗಸರು ನಕ್ಕದ್ದೇ ನಕ್ಕದ್ದು.”

“ಹುಚ್ಚನಾ?”

“ಮಾಸ್ಟ್ರಂತೆ. ಯಾರೋ ಒಬ್ಬಳು ಪರೀಕ್ಷೆಯಲ್ಲಿ ‘ಚೆಂ’ ಅಂತ ಬರೆದಿದ್ದಾಳಂತೆ. ಉತ್ತರ ಸರಿ ಉಂಟು, ‘ಚೆಂ’ ಎಂದರೆ ಎಂತ ಅಂತ ಇವನಿಗೆ ಗೊತ್ತಿಲ್ಲ. ಹೂವಿನ ಚೆಂಡು ಇರಬಹುದು ಅಂತ ಅವನ ಅಮ್ಮ ಹೇಳಿದಳಂತೆ. ಅಷ್ಟಕ್ಕೇ ಬಸ್ಸು ಹತ್ತಿ ಬಂದಿದ್ದಾನೆ. ನನಗೆ ಗೊತ್ತಿಲ್ಲದ್ದಕ್ಕೆ ಅವರ ಮಾರ್ಕು ಕತ್ತರಿಸಬಾರದಲ್ವಾ, ಅಂದ.”

ಲವಿಟಾಳ ಬೆರಳು ನಿಂತಿತು.

796 × 804. ಆ ಪ್ರಶ್ನೆ ನೋಡಿದಾಗ ಅವಳಿಗೆ ಸೂತ್ರ ನೆನಪಾಗಿರಲಿಲ್ಲ. ಹೂವು ನೆನಪಾಗಿತ್ತು. ಒಂದು ಚೆಂಡಿಗೆ ನಾಲ್ಕು ಕಡಿಮೆ, ಇನ್ನೊಂದಕ್ಕೆ ನಾಲ್ಕು ಜಾಸ್ತಿ. ಅಂಚಿನಲ್ಲಿ ‘ಚೆಂ − 4, ಚೆಂ + 4’ ಎಂದು ಗೀಚಿ, ಮನಸ್ಸಿನಲ್ಲೇ ಗುಣಿಸಿ ಉತ್ತರ ಬರೆದಿದ್ದಳು.

“ಅವಳನ್ನು... ಪಾಪ ಅಂದರಾ?”

“ಅವಳು ಎಂತಕ್ಕೆ ಪಾಪ? ಭಾರೀ ಬುದ್ಧಿವಂತೆ ಅಂದ. ನಾನೇ ಅವನಿಗೆ ಪಾಪ ಅಂದೆ, ಬಿಸಿಲಲ್ಲಿ ಕೂತಿದ್ದ. ನಿನ್ನದು ಎಷ್ಟಾಯ್ತು?”

ಲವಿಟಾ ನಾರನ್ನು ನೋಡಿದಳು. ಆರುನೂರೋ... ಏಳುನೂರೋ...

“ತಪ್ಪಿತು ಅಮ್ಮ,” ಅಂದಳು. ಹೂವಿನ ಮೇಲೆ ಕಣ್ಣೀರು ಬಿತ್ತು. ಎರಡು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನ ಅವಳು ಮಣಿಪಾಲದಲ್ಲಿದ್ದಳು. ತಿಲಕ್ ಖಾಲಿ ತರಗತಿಯಲ್ಲಿ ಪತ್ರಿಕೆಗಳನ್ನು ಜೋಡಿಸುತ್ತಿದ್ದ. ಅವಳು ನೇರವಾಗಿ ಕರಿಹಲಗೆಗೆ ಹೋದಳು.

ಚೆಂ = 800 ಎಂದಿರಲಿ.
(ಚೆಂ − 4)(ಚೆಂ + 4) = ಚೆಂ² − 16
= 640000 − 16
= 639984

“ಹಂತ ಬರೆದಿದ್ದೇನೆ. ನನ್ನ ಎರಡು ಅಂಕ ಕೊಡಿ.”

“ನಿನ್ನೆ ಬೇಡ ಅಂದಿರಿ.”

“ನಿನ್ನೆ ಅದು ಭಿಕ್ಷೆ ಅಂದುಕೊಂಡಿದ್ದೆ. ತಪ್ಪು ನನ್ನದು. ಅಂಕವೂ ನನ್ನದು. ಎರಡನ್ನೂ ಬೇರೆಯವರಿಗೆ ಬಿಡುವುದಿಲ್ಲ.”

ತಿಲಕ್ ನಗು ನುಂಗಿಕೊಂಡು ಮತ್ತೊಮ್ಮೆ ನಲವತ್ತು ಬರೆದ. ಆ ಪುಟದಲ್ಲಿ ಸಹಿಗೆ ಇನ್ನು ಜಾಗವೇ ಇರಲಿಲ್ಲ.

“ಹೂವಿನ ಕಟ್ಟೆಯಲ್ಲಿ ನಿಮ್ಮ ಪಕ್ಕ ಕೂತಿದ್ದವರು ನನ್ನ ಅಮ್ಮ.”

ಅವನ ಪೆನ್ನು ಕೆಳಗೆ ಬಿತ್ತು. “ದೇವರೇ... ಅವರು ನನಗೆ ಶರಬತ್ತು ಕುಡಿಸಿದ್ರು.”

“ಎಷ್ಟು ಎಣಿಸಿದಿರಿ?”

“ಮೂರು ಸಲ ಎಣಿಸಿದೆ. ಮೂರು ಬೇರೆ ಬೇರೆ ಉತ್ತರ.”

ಅವಳು ನಕ್ಕಳು. ಆ ಸದ್ದು ಅವಳಿಗೇ ಹೊಸದಾಗಿ ಕೇಳಿಸಿತು.

“ನಿಮ್ಮನ್ನು ಕಂಡು ನನಗೆ ಒಮ್ಮೆಯೂ ಪಾಪ ಅನಿಸಲಿಲ್ಲ,” ತಿಲಕ್ ಮೆಲ್ಲಗೆ ಹೇಳಿದ. “ಹೆದರಿಕೆ ಆಗ್ತಿತ್ತು. ನೀವು ಮೂರನೆಯ ಬೆಂಚಿನಿಂದ ನೋಡ್ತೀರಿ ಅಂತ ದಿನಾ ಎರಡೆರಡು ಸಲ ಪಾಠ ಓದಿಕೊಂಡು ಬರ್ತಿದ್ದೆ. ಅದೂ ಭಿನ್ನರಾಶಿಗೆ!”

ಲವಿಟಾ ಚಾಕ್‌ಪೀಸನ್ನು ಗಟ್ಟಿಯಾಗಿ ಹಿಡಿದಳು.

“ಸೋಮವಾರ ಪಟ್ಟಿ ಕೊಟ್ಟ ಮೇಲೆ ನಾನು ನಿಮ್ಮ ಮಾಸ್ಟ್ರಲ್ಲ. ಆಗ ಒಂದು ಮಾತು ಕೇಳಲಿಕ್ಕುಂಟು. ಎಂತ ಅಂತ ನಿಮಗೆ ಗೊತ್ತಾಗಿರಬಹುದು.”

“ಡೆನ್ವರ್ ನನ್ನ ಗಂಡ,” ಅವಳೆಂದಳು. “ಅವನನ್ನು ಒರೆಸಿಹಾಕಿ ನಾನು ಎಲ್ಲಿಗೂ ಬರುವುದಿಲ್ಲ.”

“ಒರೆಸಬೇಡಿ.”

ಅಷ್ಟೇ. ಅದರ ಹಿಂದೆ ‘ಆದರೆ’ ಇರಲಿಲ್ಲ. ಅವಳು ಕಾದು ನೋಡಿದಳು, ಬರಲೇ ಇಲ್ಲ.

“ಹಾಗಾದರೆ ಸೋಮವಾರ ಕೇಳಿ,” ಅಂದಳು. “ಆದರೆ ನೇರ ಉತ್ತರಕ್ಕೆ ಅಂಕ ಇಲ್ಲ. ಹಂತ ಹಂತವಾಗಿ.”

“ಮೊದಲ ಹಂತ ಎಂತ?”

“ಅಮ್ಮನ ಎದುರು ಕೂತು ಎಂಟುನೂರು ಸರಿಯಾಗಿ ಎಣಿಸುವುದು.”

“ತಪ್ಪಿದರೆ?”

ಲವಿಟಾ ಚಾಕ್‌ಪೀಸನ್ನು ಅವನ ಅಂಗೈಯಲ್ಲಿಟ್ಟಳು.

“ಮತ್ತೆ ಒಂದರಿಂದ. ನಾನು ಪಕ್ಕದಲ್ಲೇ ಇರ್ತೇನೆ.”