ಸೈರನ್ ಕೂಗದ ಬೆಳಿಗ್ಗೆ

ಸೈರನ್ನಿನ ತಂತಿ ತುಂಡಾಗಿತ್ತು. ತಾನಾಗಿ ಹರಿದದ್ದಲ್ಲ, ಯಾರೋ ಕತ್ತರಿಸಿದ್ದು.

ಸಬ್ ಇನ್‌ಸ್ಪೆಕ್ಟರ್ ಆಶಾರಾಣಿ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ತಂತಿಯ ತುದಿ ನೋಡಿದಳು. ತಾಮ್ರ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಚೆಟ್ಟಳ್ಳಿಯ ಆಚೆಗಿನ ಆ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳ ಮುಂದೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಬೆಳಿಗ್ಗೆ ಆರು ನಲವತ್ತಕ್ಕೆ, ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗುವ ಮೊದಲು ಒಂದು ಹೊರೆ ಸೌದೆ ತರುತ್ತೇನೆಂದು ಹೊರಟ ಸುಬ್ಬಿಯನ್ನು ಒಂಟಿ ಸಲಗ ತುಳಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಆನೆ ಬಂದರೆ ಈ ಸೈರನ್ ಕೂಗಬೇಕು. ಕಾವಲುಗಾರ ಸೋಮಯ್ಯ ಆನೆ ಕಂಡ ಕೂಡಲೇ ಗುಡ್ಡದ ಮೇಲಿನ ಆಫೀಸಿಗೆ ಫೋನ್ ಮಾಡುತ್ತಾನೆ. ಅಲ್ಲಿ ಕೂಲಿಯಾಳುಗಳ ಹಾಜರಿ ಹಾಕುವ ರೈಟರ್ ಪ್ರಜ್ಞೇಶ್ ತನ್ನ ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತುತ್ತಾನೆ. ಮೂರು ವರ್ಷದಿಂದ ಹಾಗೇ ನಡೆದಿತ್ತು.

"ಸೋಮಯ್ಯ ಆರು ಇಪ್ಪತ್ತೈದಕ್ಕೆ ಫೋನ್ ಮಾಡ್ದ. ನಾನು ಆಗಲೇ ಒತ್ತಿದೆ," ಎಂದ ಪ್ರಜ್ಞೇಶ್. ಕಣ್ಣು ಕೆಂಪಾಗಿತ್ತು. "ಕೂಗಲಿಲ್ಲ. ಈಗ ನೋಡಿದ್ರೆ ತಂತಿನೇ ತುಂಡಾಗಿದೆ."

"ಯಾರ ಮೇಲಾದ್ರೂ ಅನುಮಾನ?"

"ಹೆಸರು ಹೇಳೋಕೆ ಮನಸ್ಸಿಲ್ಲ ಮೇಡಂ. ಈ ಲೈನಲ್ಲೇ ಮಂಜೇಶ್ ಅಂತ ಇದಾನೆ. ಅವನ ಮಗು ಸೈರನ್‌ಗೆ ಬೆಚ್ಚಿಬೀಳ್ತದೆ. ಒಂದಿನ ಇದರ ವಯರ್ ಕಿತ್ತಾಕ್ತೀನಿ ಅಂತ ಎಲ್ಲರ ಮುಂದೆ ಹೇಳಿದ್ದ."

ಹೌದು, ಹೇಳಿದ್ದ ಎಂದು ಲೈನಿನ ನಾಲ್ಕು ಜನ ಒಪ್ಪಿಕೊಂಡರು. ಮಂಜೇಶನ ಮನೆಯಲ್ಲಿ ಗಿಡ ಸವರುವ ಕಟರ್ ಸಿಕ್ಕಿತು. ಸುಬ್ಬಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದವರಲ್ಲಿ ಅವನೂ ಇದ್ದ. ಶವಾಗಾರದ ಮುಂದೆಯೇ ಆಶಾರಾಣಿ ಅವನನ್ನು ಹಿಡಿದಳು.

"ಬಾಯಿ ಮಾತಿಗೆ ಹೇಳಿದ್ದು ಮೇಡಂ," ಎಂದ ಮಂಜೇಶ್. ಅಂಗಿಯ ಮೇಲೆ ರಕ್ತ ಒಣಗಿತ್ತು. "ಆಯಮ್ಮ ನನ್ನ ಮಗೂನ ಎತ್ತಾಡಿಸ್ದೋಳು."

"ಠಾಣೇಲಿ ಹೇಳು," ಎಂದಳು ಆಶಾರಾಣಿ.

* * *

ಮರುದಿನ ಬೆಳಿಗ್ಗೆ ಸೋಮಯ್ಯ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದ. ಹಾಕಿದ ಮೇಲೂ ಏಳಲಿಲ್ಲ.

"ಇನ್ನೇನು?"

"ಏನಿಲ್ಲ. ನಾನು ಓಡಿ ಬರುವಾಗ ಕಂಬದಲ್ಲಿ ಪಚ್ಚೆ ಲೈಟ್ ಉರೀತಿತ್ತಲ್ಲ. ಆದ್ರೂ ಯಾಕೆ ಕೂಗಲಿಲ್ಲ ಅಂತ."

ಆಶಾರಾಣಿಯ ಪೆನ್ನು ನಿಂತಿತು. "ಎಷ್ಟೊತ್ತಿಗೆ?"

"ಸುಬ್ಬೀನ ಜೀಪಿಗೆ ಹತ್ತಿಸ್ತಿದ್ರು. ಆರೂ ಮುಕ್ಕಾಲು, ಐವತ್ತು."

"ತಂತಿ ಕಡಿದಿದ್ರೆ ಆ ಲೈಟ್ ಉರಿಯುತ್ತಾ?"

"ಎಲ್ಲಿ ಉರೀತದೆ? ಅದೇ ವಯರಿಂದಲ್ವಾ ಅದಕ್ಕೆ ಕರೆಂಟು."

"ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

* * *

ಸೈರನ್ ಜೋಡಿಸಿದ ಲೋಹಿತ್‌ಗೆ ಮಡಿಕೇರಿಯಲ್ಲಿ ಕಂಪ್ಯೂಟರ್ ಅಂಗಡಿ. ಆಶಾರಾಣಿ ಅವನನ್ನು ಎಸ್ಟೇಟ್ ಆಫೀಸಿಗೆ ಕರೆಸಿದಳು. ನಿನ್ನೆಯೇ ಕರೆಸಬಹುದಿತ್ತು.

ಲೋಹಿತ್ ಆಫೀಸಿನ ಗೋಡೆಯಲ್ಲಿದ್ದ ಸೈರನ್ನಿನ ಕಂಟ್ರೋಲ್ ಪೆಟ್ಟಿಗೆಗೆ ತನ್ನ ಮೊಬೈಲ್ ಜೋಡಿಸಿದ. "ಕಂಬದ ಸೈರನ್ ನಿಮಿಷಕ್ಕೊಂದು ಸಲ 'ಇದ್ದೀನಿ' ಅಂತ ಈ ಪೆಟ್ಟಿಗೆಗೆ ಹೇಳ್ತದೆ. ಕೊನೇ ಸಲ ಹೇಳಿದ್ದು ನಿನ್ನೆ ಏಳು ಹನ್ನೆರಡಕ್ಕೆ."

ಅಂದರೆ ತಂತಿ ತುಂಡಾದದ್ದು ಸುಬ್ಬಿ ಬಿದ್ದು ಅರ್ಧ ಗಂಟೆಯ ಮೇಲೆ. ಆಗ ಮಂಜೇಶ್ ಜೀಪಿನಲ್ಲಿದ್ದ.

"ಹಾಗಾದ್ರೆ ಬಟನ್ ಒತ್ತಿದಾಗ ಯಾಕೆ ಕೂಗಲಿಲ್ಲ?"

"ನೆಟ್‌ವರ್ಕಲ್ಲಿ ಪ್ರತಿ ಕಂಪ್ಯೂಟರಿಗೂ ಒಂದು ನಂಬರ್ ಇರ್ತದೆ, ಅದೇ ಅದರ ವಿಳಾಸ. ಈ ಪೆಟ್ಟಿಗೆ ಒಂದೇ ವಿಳಾಸದ ಮಾತು ಕೇಳೋದು ಮೇಡಂ. ಆಫೀಸಲ್ಲಿ ಲ್ಯಾಪ್‌ಟಾಪಿಗೆ ಆ ವಿಳಾಸ ನಾವೇ ಹಾಕಿಟ್ಟಿರಬೇಕು. ಮನೆಗೆ ಒಯ್ದರೆ ಅದು ನಡೆಯಲ್ಲ, ಮನೆ ವೈಫೈ ತಾನೇ ಬೇರೆ ವಿಳಾಸ ಕೊಡ್ತದೆ. ದಿನಾ ನಂಬರ್ ಟೈಪ್ ಮಾಡೋ ಕಷ್ಟ ಬೇಡ ಅಂತ ನಾನೇ ಎರಡು ಗುಂಡಿ ಮಾಡಿಕೊಟ್ಟಿದ್ದೆ. 'ಮನೆ' ಅಂತ ಒಂದು, 'ಆಫೀಸು' ಅಂತ ಒಂದು. ಯಾವಾಗ ಯಾವುದು ಒತ್ತಿದ್ರೂ ಟೈಮ್ ಬರೆದಿಡ್ತದೆ."

ಮೇಜಿನಾಚೆ ಕೂತಿದ್ದ ಪ್ರಜ್ಞೇಶ್ ತಾನಾಗಿಯೇ ಲ್ಯಾಪ್‌ಟಾಪನ್ನು ಅವರ ಕಡೆ ತಳ್ಳಿದ.

ಲೋಹಿತ್ ಓದಿದ. "ಮೊನ್ನೆ ಸಂಜೆ ಏಳೂವರೆ, ಮನೆ. ನಿನ್ನೆ ಬೆಳಿಗ್ಗೆ ಆರು ಐವತ್ತೈದು, ಆಫೀಸು."

"ಸೋಮಯ್ಯ ಫೋನ್ ಮಾಡಿದಾಗ ಲ್ಯಾಪ್‌ಟಾಪ್ ಇನ್ನೂ ಮನೆ ಸೆಟ್ಟಿಂಗಲ್ಲೇ ಇತ್ತು," ಎಂದಳು ಆಶಾರಾಣಿ. "ನೀವು ಒತ್ತಿದ್ದು ನಿಜ. ಆದ್ರೆ ಅದು ಪೆಟ್ಟಿಗೆಗೆ ಮುಟ್ಟಲೇ ಇಲ್ಲ. ಸೆಟ್ಟಿಂಗ್ ಬದಲಾಯಿಸಿದ್ದು ಸುಬ್ಬಿ ಬಿದ್ದ ಮೇಲೆ. ಆಮೇಲೆ ಜೀಪು ಹೊರಟು, ಅಲ್ಲಿ ಯಾರೂ ಇಲ್ಲದಾಗ ನೀವು ಕಂಬದ ಹತ್ರ ಹೋದ್ರಿ. ತಂತಿ ಕಡಿದಿದ್ರೆ ಲ್ಯಾಪ್‌ಟಾಪಿನ ಸುದ್ದಿ ಯಾರೂ ಎತ್ತಲ್ಲ ಅಂತ."

"ಮಗಳಿಗೆ ಶಾಲೆದು ಏನೋ ಪಾಠ ನೋಡಬೇಕಿತ್ತು," ಎಂದ ಪ್ರಜ್ಞೇಶ್. ದನಿ ತೀರಾ ಸಣ್ಣದಾಗಿತ್ತು. "ಅದಕ್ಕೆ ಒಯ್ದಿದ್ದೆ. ಬೆಳಿಗ್ಗೆ ಬಂದವನು ಮರೆತೆ. ಬಟನ್ ಒತ್ತಿದೆ, 'ಕಾಯಿರಿ' ಅಂತ ಬಂತು. ನೆಟ್‌ವರ್ಕ್ ನಿಧಾನ ಅಂದ್ಕೊಂಡೆ. ಮತ್ತೆ ಒತ್ತಿದೆ. ಒತ್ತುತ್ತಾ ಕೂತೆ ಮೇಡಂ. ಕೆಳಗೆ ಓಡಿಹೋಗಿದ್ರೆ ಐದು ನಿಮಿಷದ ದಾರಿ. ನನಗಿದ್ದಿದ್ದು ಹದಿನೈದು ನಿಮಿಷ."

"ಇದನ್ನೇ ನಿನ್ನೆ ಹೇಳಿದ್ರೆ ಅದು ಮರೆವು ಪ್ರಜ್ಞೇಶ್. ಬೈತಿದ್ರು, ಕೇಸೂ ಆಗ್ತಿತ್ತೇನೋ. ಆದ್ರೆ ಮಂಜೇಶ್ ಹೆಸರು ಯಾಕೆ ಹೇಳಿದ್ರಿ?"

"ನೀವು ಕೇಳಿದಾಗ ಬಾಯಿಗೆ ಬಂತು. ಹೇಳಿದ ಮೇಲೆ ವಾಪಸ್ ತಗೊಳ್ಳೋ ಧೈರ್ಯ ಬರಲಿಲ್ಲ." ಅವನು ಮುಖ ಮುಚ್ಚಿಕೊಂಡ. "ಸುಬ್ಬಿ ದಿನಾ ಹಾಜರಿ ಕೂಗುವಾಗ ಎಲ್ಲರಿಗಿಂತ ಜೋರಾಗಿ 'ಇದ್ದೀನಿ ಸಾರ್' ಅನ್ನೋಳು. ಇವತ್ತು ಅವಳ ಹೆಸರು ದಾಟಿ ಮುಂದಿನ ಹೆಸರಿಗೆ ಹೋಗೋಕೆ ನನ್ನಿಂದ ಆಗಲಿಲ್ಲ."

ಆಶಾರಾಣಿ ಅವನಿಗೆ ಕೋಳ ಹಾಕಲಿಲ್ಲ. ಭುಜ ಹಿಡಿದು ಎಬ್ಬಿಸಿದಳು.

* * *

ಠಾಣೆಯಲ್ಲಿ ಮಂಜೇಶ್ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ತೆರೆದದ್ದು ಕಂಡರೂ ಏಳಲಿಲ್ಲ.

"ನೀನು ಮಾಡಿಲ್ಲ ಅಂತ ಗೊತ್ತಾಯ್ತು," ಎಂದಳು ಆಶಾರಾಣಿ. "ತಪ್ಪು ನನ್ನದು. ವಿಚಾರಿಸದೆ ಕರ್ಕೊಂಡು ಬಂದೆ."

ಅವನು ತಲೆಯಾಡಿಸಿದ. "ಆಯಮ್ಮನ್ನ ಎಲ್ಲಿ ಮಣ್ಣು ಮಾಡಿದ್ರು?"

ಅಂದು ಬೆಳಿಗ್ಗೆ ಎಂಟಕ್ಕೆ ಮಣ್ಣು ಮಾಡಿದರೆಂದು ಆಶಾರಾಣಿಗೆ ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

"ಬಾ, ಜೀಪಲ್ಲಿ ಹೋಗೋಣ. ಸೋಮಯ್ಯನ್ನ ಕೇಳಿದ್ರೆ ತೋರಿಸ್ತಾನೆ."

"ಪೊಲೀಸ್ ಜೀಪಲ್ಲಿ ಬೇಡ ಮೇಡಂ," ಎಂದ ಮಂಜೇಶ್ ಮೆಲ್ಲಗೆ. "ನಾನು ಬಸ್ಸಲ್ಲೇ ಹೋಗ್ತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ರಸ್ತೆ ದಾಟುವವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ. ಬಸ್ಸು ಬರುವ ತನಕ ಆಶಾರಾಣಿ ಬಾಗಿಲಲ್ಲೇ ನಿಂತಿದ್ದಳು.