ಹಂಚಿಗೆ ಅಂಟದ ರೊಟ್ಟಿ

“ಮೂವತ್ತೊಂದು!”

ರಸದ ಸಿಹಿ ಅಳೆಯುವ ಹೈಡ್ರೋಮೀಟರನ್ನು ದಾನಪ್ಪ ಮತ್ತೊಮ್ಮೆ ಅದ್ದಿ ನೋಡಿದ. ಐವತ್ತು ತೋರಿಸಬೇಕಿತ್ತು. ಪಾತ್ರೆಯಲ್ಲಿ ಇಪ್ಪತ್ತೈದು ಲೀಟರ್ ಬಾರ್ಲಿ ರಸ — ಅಳತೆಯಲ್ಲಿ ಹನಿ ಕಡಿಮೆಯಿಲ್ಲ. ಸಿಹಿ ಮಾತ್ರ ಮಾಯ!

ಲಂಡನ್ನಿನ ಹ್ಯಾರೋದ ತನ್ನ ಮನೆಯ ಗ್ಯಾರೇಜಿನಲ್ಲಿ ದಾನಪ್ಪ ಮತ್ತು ಗೆಳೆಯ ಲಕ್ಷ್ಮೀಶ ಎಂಟು ವರ್ಷದಿಂದ ಬಿಯರ್ ಮಾಡುತ್ತಿದ್ದರು. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳಿನ, ಸಕ್ಕರೆಯಲ್ಲಿ ನೂರಕ್ಕೆ ಎಪ್ಪತ್ತೈದು ಪಾಲನ್ನು ರಸಕ್ಕೆ ಇಳಿಸುವುದು ದಾನಪ್ಪನ ಹೆಮ್ಮೆ. ‘ಎಫಿಷಿಯೆನ್ಸಿ’ ಎಂದು ಬಂದವರಿಗೆಲ್ಲ ಹೇಳಿ ತಲೆ ತಿನ್ನುತ್ತಿದ್ದ. ಇವತ್ತು ನಲವತ್ತೇಳೂ ಮುಟ್ಟಲಿಲ್ಲ. ಮುಂದಿನ ತಿಂಗಳ ಕ್ಲಬ್ ಸ್ಪರ್ಧೆಗೆ ಇಬ್ಬರ ಹೆಸರಲ್ಲಿ ಹೋಗಬೇಕಿದ್ದ ಬಿಯರ್ ಇದೇ.

“ಕಾಳು ತೊಳೆಯುವ ಬಿಸಿನೀರು ತಣ್ಣಗಾಗಿತ್ತು, ದಾನಪ್ಪಣ್ಣ,” ಎಂದ, ಹೋಟೆಲು ನಡೆಸುವ ಕುಂದಾಪುರದ ಲಕ್ಷ್ಮೀಶ. “ಅತ್ತಿಗೆ ಬಿಸಿನೀರು ತಕೊಂಡು ತಣ್ಣೀರು ಸುರಿದದ್ದು ನಾನೇ ಕಂಡೆ ಮಾರಾಯ್ರೆ. ಸಿಹಿ ಕಾಳಲ್ಲೇ ಉಳೀತು.”

ಮಗಳನ್ನು ಟ್ಯೂಬ್ ಸ್ಟೇಷನ್ನಿಗೆ ಬಿಡಲು ದಾನಪ್ಪ ಹೋಗಿದ್ದು ಅರ್ಧ ಗಂಟೆ. ಅಷ್ಟರಲ್ಲೇ ಇದೆಲ್ಲ? ಅವನು ಹೆಂಡತಿಯಿದ್ದ ಅಡುಗೆಮನೆಗೆ ನುಗ್ಗಿದ.

“ಗುರುದೇವಿ, ನನ್ನ ನೀರು ಮುಟ್ಟಿದೇನು?”

“ಒಂದು ತಂಬಿಗಿ ತಗೊಂಡೀನ್ರಿ. ಜ್ವಾಳದ ಹಿಟ್ಟಿಗೆ ಕುದಿನೀರು ಬೇಕಲ್ಲ?”

“ನೀರು ತಣ್ಣಗಾಗಿ ಸಿಹಿ ಕಾಳಿನ್ಯಾಗ ಉಳೀತು. ಎಲ್ಲಾ ಹಾಳು ಮಾಡಿಬಿಟ್ಟಿ!”

ಗುರುದೇವಿಗೆ ಸಿಟ್ಟು ಬಂದರೆ ಬಾಯಿ ಮುಚ್ಚುತ್ತದೆ, ಕೈ ಚುರುಕಾಗುತ್ತದೆ. ಗ್ಯಾರೇಜಿಗೆ ಹೋಗಿ, ಎಂದಿನಂತೆ, ರಸ ಬಸಿದ ಕಾಳು ಎರಡು ಹಿಡಿ ತಂದಳು. ಅರೆದು ಜೋಳದ ಹಿಟ್ಟಿಗೆ ಕಲಸಿ ಪಟಪಟ ಬಡಿದಳು. ಊಟಕ್ಕೆ ಕೂತ ಇಬ್ಬರಿಗೂ ಬಿಸಿ ರೊಟ್ಟಿ ಬಡಿಸಿ, ಎದುರಿಗೆ ನಿಂತಳು.

“ಲಕ್ಷ್ಮೀಶ, ರೊಟ್ಟಿ ಸಿಹಿ ಐತೇನು?”

“ಇಲ್ಲ ಅತ್ತಿಗೆ. ಯಾಕೆ?”

“ಹೋದ ವರ್ಷ ನೀವಿಬ್ರೂ ಅವಸರದಾಗ ಕಾಳು ಸರಿಯಾಗಿ ತೊಳೀಲಿಲ್ಲ. ಆವತ್ತಿನ ರೊಟ್ಟಿ ಬೆಲ್ಲ ಹಾಕಿದಂಗ ಸಿಹಿ. ಹಂಚಿಗೆ ಅಂಟಿ ಕರ್ರಗ ಸುಟ್ಟಿದ್ದು. ನೆನಪೈತೇನ್ರಿ?”

ದಾನಪ್ಪ ತಲೆಯಾಡಿಸಿದ. ಹಂಚು ಉಜ್ಜಿದವನು ಅವನೇ.

“ಇವತ್ತ ಹಂಚು ನೋಡ್ರಿ — ಒಂದು ಕಲೆ ಇಲ್ಲ. ಕಾಳಿನ್ಯಾಗ ಸಿಹಿ ಉಳದಿಲ್ಲ ಅಂದ್ರ ರಸಕ್ಕ ಇಳದೈತಿ. ಪಾತ್ರ್ಯಾಗೂ ಇಲ್ಲ ಅಂದ್ರ? ಮೊದಲು ಇಳಿಯೋ ಗಟ್ಟಿ ರಸಾನ ಯಾರೋ ತಗದು, ಆ ಜಾಗಕ್ಕ ನಳದ ನೀರು ಸುರದಾರ. ಅದಕ್ಕ ಅಳತಿ ಬರೋಬರಿ!”

ಲಕ್ಷ್ಮೀಶ ತುತ್ತು ಕೆಳಗಿಟ್ಟ.

“ನಿಮ್ಮ ಹೋಟೆಲಿಂದ ಸಾಂಬಾರು ತಂದ ಕ್ಯಾನು ಮುಂಜಾನೇನೇ ತೊಳದು ಕೊಟ್ಟೀನಿ. ಖಾಲಿ ಕ್ಯಾನು ಕಾರಿಗೆ ಒಯ್ಯಾಕ ಎರಡೂ ಕೈ ಯಾಕ ಬೇಕಾದ್ವು? ಕಿಟಕ್ಯಾಗಿಂದ ನೋಡೀನಿ.”

ದಾನಪ್ಪ ಎದ್ದು ಹೋಗಿ ಲಕ್ಷ್ಮೀಶನ ಕಾರಿನ ಡಿಕ್ಕಿ ತೆಗೆದ. ಕ್ಯಾನು ಇನ್ನೂ ಬೆಚ್ಚಗಿತ್ತು. ಮುಚ್ಚಳ ಎತ್ತಿ ಬೆರಳದ್ದಿ ನೆಕ್ಕಿದ. ಪಾಕದಷ್ಟು ಸಿಹಿ.

ಹಿಂದೆಯೇ ಬಂದ ಲಕ್ಷ್ಮೀಶ ನೆಲ ನೋಡಿದ. “ಎಲ್ಲರೂ ‘ದಾನಪ್ಪನ ಬಿಯರ್’ ಅಂತಾರೆ. ಒಂದ್ಸಲ ನನ್ನೊಬ್ಬನ ಹೆಸರು ಬರಲಿ ಅಂತ... ಸ್ಪರ್ಧೆಯ ಫಾರ್ಮೂ ಕಳಿಸಿ ಆಯ್ತು.”

“ಕೇಳಿದ್ರ ಇಡೀ ಪಾತ್ರೀನೇ ಕೊಡ್ತಿದ್ದೆ! ಕದ್ದಿದ್ದು ಹಾಳಾಗ್ಲಿ. ತಪ್ಪು ಅಕಿ ಮ್ಯಾಲೆ ಹಾಕಿದೆಲ್ಲೋ?”

ಲಕ್ಷ್ಮೀಶ ಕ್ಯಾನು ಅಲ್ಲೇ ಇಳಿಸಿ ಕಾರು ಹತ್ತಿದ.

ದಾನಪ್ಪ ಒಳಗೆ ಬಂದು ಕುಸಿದು ಕೂತ. “ಎಂಟು ವರ್ಷ ಅವನ್ನ ನಂಬಿದ್ನಲ್ಲ, ಗುರುದೇವಿ.”

“ಇವತ್ತೂ ನಂಬಿದ್ರಿ,” ಎಂದಳು ಅವಳು. “ನನ್ನ ಜೋಡಿ ಇಪ್ಪತ್ತಾರು ವರ್ಷ ಆತು. ನನ್ನ ಮಾತು ಕೇಳಾಕ ಒಂದು ನಿಮಿಷ ಸೈತ ನಿಲ್ಲಲಿಲ್ಲ.”

ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಅವಳು ಮಹಡಿ ಹತ್ತಿದಳು.